ಆನ್‌ಲೈನ್ ತೋರಿಸುವ ಮನೆ ಬೆಲೆ: ಕಾಸರಗೋಡಿನಲ್ಲಿ ತಾಳೆ ನೋಡುವ ಕ್ರಮ

ಉಪ್ಪಳದಲ್ಲೋ ಬದಿಯಡ್ಕದಲ್ಲೋ ಇರುವ ಮನೆಯ ವಿವರವನ್ನು ಆಸ್ತಿ ಮಾರಾಟದ ಪೋರ್ಟಲಿಗೆ ತುಂಬಿಸಿದರೆ ಅರೆ ನಿಮಿಷದಲ್ಲಿ ಒಂದು ಮೊತ್ತ ಬರುತ್ತದೆ. ಬಹುಮಟ್ಟಿಗೆ ಅದು ಚದರಡಿ ಲೆಕ್ಕ: ಸುತ್ತಲಿನ ಜಾಹೀರಾತುಗಳಲ್ಲಿ ಕೇಳಿದ ದರಕ್ಕೆ ನಿಮ್ಮ ಮನೆಯ ವಿಸ್ತೀರ್ಣದ ಗುಣಾಕಾರ. ಫ್ಲಾಟಿಗಾದರೆ ನಡೆದೀತು. ಹಿತ್ತಿಲಿನ ನಡುವೆ ಕಟ್ಟಿದ ಮನೆಗೆ ಬೆಲೆ ಬರುವುದು ಸೆಂಟ್ಸಿನಿಂದ, ದಾರಿಯಿಂದ, ರೆಕಾರ್ಡಿನಿಂದ. ಈ ಮೂರೂ ಯಂತ್ರಕ್ಕೆ ಸರಿಯಾಗಿ ಕಾಣುವುದಿಲ್ಲ.

ಅಮೆರಿಕದ ಜಿಲೋ ಕಂಪೆನಿ ಇಂಥ ಅಂದಾಜನ್ನು 2006ರಿಂದ ಕೊಡುತ್ತಿದೆ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಮಾರಾಟದ ನಿಜ ಮೊತ್ತ ಯಾರಿಗೂ ಸಿಗುವ ದಾಖಲೆ. ಆದರೂ ಕಂಪೆನಿಯೇ ಪ್ರಕಟಿಸುವ ಲೆಕ್ಕದ ಪ್ರಕಾರ ಮಾರಾಟಕ್ಕಿಟ್ಟ ಮನೆಗಳಲ್ಲಿ ಮಧ್ಯಕ ತಪ್ಪು ಸುಮಾರು ಶೇ. 2, ಮಾರಾಟಕ್ಕಿಡದ ಮನೆಗಳಲ್ಲಿ ಸುಮಾರು ಶೇ. 7. ಮಧ್ಯಕ ಅಂದಮೇಲೆ ಅರ್ಧದಷ್ಟು ಮನೆಗಳಲ್ಲಿ ತಪ್ಪು ಅದಕ್ಕೂ ಹೆಚ್ಚು. ಮಾರಾಟಕ್ಕಿಟ್ಟ ಕೂಡಲೇ ತಪ್ಪು ಕಡಿಮೆಯಾಗುವುದೇಕೆ? ಯಜಮಾನರು ಕೇಳುವ ಬೆಲೆ ಯಂತ್ರಕ್ಕೂ ಗೊತ್ತಾಗುತ್ತದೆ! ನಮ್ಮಲ್ಲಂತೂ ದಸ್ತಾವೇಜಿನಲ್ಲಿ ಬರೆದ ಮೊತ್ತ ಎಷ್ಟೋ ಸಲ ಕೈಬದಲಾದ ಮೊತ್ತವಲ್ಲ. ಹಾಗಾಗಿ ಇಲ್ಲಿನ ಅಂದಾಜಿಗೆ ಬುಡವೇ ಸಡಿಲ.

ಕೇರಳ–ಕರ್ನಾಟಕ ಗಡಿಯ ತೊಂದರೆ ಬೇರೆ. ತಲಪಾಡಿ ಎಂದು ಹುಡುಕಿದರೆ ಪೋರ್ಟಲು ಮಂಗಳೂರಿನ ಪಟ್ಟಿಯನ್ನೂ ತಂದು ಸುರಿಯುತ್ತದೆ. ಮಂಗಳೂರು ಕಡೆಯ ದೇರಳಕಟ್ಟೆಯ ಫ್ಲಾಟಿನ ದರ ಕಾಸರಗೋಡು ಕಡೆಯ ಕುಂಜತ್ತೂರಿನ ಹಂಚಿನ ಮನೆಗೆ ಅಂಟಿಕೊಂಡರೆ ಆ ಮೊತ್ತವನ್ನು ಮರೆತುಬಿಡಿ.

ಮೊದಲು ಗ್ರಾಮಕಚೇರಿಗೆ ಹೋಗಿ ಬಿಟಿಆರ್, ಅಂದರೆ ಮೂಲ ತೆರಿಗೆ ರಿಜಿಸ್ಟರಿನಲ್ಲಿ ನಿಮ್ಮ ಸರ್ವೆ ನಂಬ್ರದ ಜಾಗ ಯಾವ ಬಗೆಯದೆಂದು ನೋಡಿ. ‘ಪುರಯಿಡಂ’ (ಮನೆ ಹಿತ್ತಿಲಿನ ಒಣ ಜಾಗ) ಎಂದಿದ್ದರೆ ಮುಂದುವರಿಯಬಹುದು. ‘ನಿಲಂ’ (ಗದ್ದೆ) ಎಂದಿದ್ದರೆ, ನೆಲ ಈಗ ಎಷ್ಟೇ ಒಣಗಿರಲಿ, ಕೇರಳದ 2008ರ ಗದ್ದೆ–ಜೌಗು ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾನೂನಿನಡಿ ಮಾಡಿದ ಗದ್ದೆ–ಜೌಗು ಜಾಗಗಳ ಪಟ್ಟಿಯಲ್ಲಿ, ಜಾಗ ಇದ್ದರೆ ಅದರಿಂದ ಬಿಡಿಸಲು ಕೊಡುವ ಅರ್ಜಿ ಫಾರಂ 5. ಅದರಲ್ಲಿಲ್ಲದೆ ಬರೀ ‘ನಿಲಂ’ ಆಗಿದ್ದರೆ 50 ಸೆಂಟ್ಸಿನವರೆಗೆ ಫಾರಂ 6, ಹೆಚ್ಚಿದ್ದರೆ ಫಾರಂ 7. ಇದು ಮುಗಿಯದ ಜಾಗಕ್ಕೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಆಗ ರೊಕ್ಕ ಕೊಟ್ಟು ಕೊಳ್ಳುವವರು ಮಾತ್ರ ಉಳಿಯುತ್ತಾರೆ, ಬೆಲೆ ಇಳಿಯುತ್ತದೆ. ಪೋರ್ಟಲಿನಲ್ಲಿ ಇದನ್ನು ತುಂಬಿಸುವ ಕಾಲಂ ಕೂಡ ಇರುವುದಿಲ್ಲ.

ಇನ್ನು ಸರಕಾರದ ನ್ಯಾಯಬೆಲೆ, ಜನ ಹೇಳುವ ಫೇರ್ ವ್ಯಾಲ್ಯೂ. ನೋಂದಣಿ ಇಲಾಖೆಯ ತಾಣದಲ್ಲಿ ತಾಲೂಕು, ಗ್ರಾಮ, ಸರ್ವೆ ನಂಬ್ರ ಕೊಟ್ಟು ನೋಡಬಹುದು. ಅದು ಮಾರುಕಟ್ಟೆ ಬೆಲೆಯಲ್ಲ, ಮುದ್ರಾಂಕ ಶುಲ್ಕಕ್ಕೆ ಇಟ್ಟ ಕನಿಷ್ಠ ಮಿತಿ. ಮನೆಯ ಬೆಲೆ ಅದರಲ್ಲಿ ಸೇರಿಲ್ಲ. ಇಲ್ಲಿ ಆಗುವ ದೊಡ್ಡ ಎಡವಟ್ಟು ಅಳತೆಯದು. ದರ ಇರುವುದು ಆರ್ ಒಂದಕ್ಕೆ, ನಾವು ಮಾತಾಡುವುದು ಸೆಂಟ್ಸಿನಲ್ಲಿ. 1 ಆರ್ (100 ಚದರ ಮೀಟರ್) ಅಂದರೆ 2.47 ಸೆಂಟ್ಸ್. ಆರ್‌ಗೆ 1,50,000 ಎಂದಿದ್ದರೆ ಸೆಂಟ್ಸಿಗೆ ಸುಮಾರು 60,700 ರೂಪಾಯಿ. ಕಾಣುವ ದರ 2010ರ ಮೂಲದ್ದೇ, 2022ರ ಶೇ. 10 ಹಾಗೂ 2023ರ ಶೇ. 20 ಸೇರಿದಂತೆ ಆಮೇಲಿನ ಏರಿಕೆಗಳೆಲ್ಲ ಕೂಡಿದ್ದೇ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿಕೊಳ್ಳಿ. ವರ್ಗವನ್ನೂ ನೋಡಿ: ಪಂಚಾಯತು ರಸ್ತೆ ತಾಗುವ ಜಾಗವನ್ನು ವಾಹನ ಹೋಗದ ಜಾಗ ಎಂದು ಬರೆದಿರುವುದೂ ಉಂಟು, ತಿರುಗುಮುರುಗಾದದ್ದೂ ಉಂಟು. ತಪ್ಪಿದ್ದರೆ ಮೇಲ್ಮನವಿ ಜಿಲ್ಲಾ ಕಲೆಕ್ಟರರಿಗೆ.

ಆಮೇಲೆ ನಿಜ ಕೆಲಸ. ಕಳೆದ ಒಂದು ವರ್ಷದಲ್ಲಿ, ಒಂದೆರಡು ಕಿಲೋಮೀಟರಿನ ಒಳಗೆ, ಹೆದ್ದಾರಿಯ ಅದೇ ಬದಿಯಲ್ಲಿ ಮಾರಾಟವಾದ ಮೂರು ಜಾಗಗಳನ್ನಾದರೂ ಹುಡುಕಿ. ದಸ್ತಾವೇಜು ಬರೆಯುವವರು, ವಾರ್ಡ್ ಮೆಂಬರು, ನೆರೆಕರೆಯವರು, ಎಲ್ಲರನ್ನೂ ಕೇಳಿ. ಬ್ರೋಕರನನ್ನು ಕೊನೆಗೆ ಕೇಳಿದರೆ ಒಳ್ಳೆಯದು, ಅಷ್ಟು ಹೊತ್ತಿಗೆ ಅವನ ಮಾತನ್ನು ತೂಗಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ಬ್ಯಾಂಕ್ ಸಾಲದಿಂದ ಕೊಂಡ ಮಾರಾಟಕ್ಕೆ ಹೆಚ್ಚು ತೂಕ ಕೊಡಿ. ಅಲ್ಲಿ ಬರೆದ ಮೊತ್ತ ನಿಜಕ್ಕೆ ಹತ್ತಿರವಿರುತ್ತದೆ. ಜಾಹೀರಾತಿನಲ್ಲಿ ತಿಂಗಳುಗಟ್ಟಲೆ ಕೂತಿರುವ ದರ ಮಾರಾಟವಲ್ಲ, ಬರೀ ಆಸೆ.

ಆ ಜಾಗಗಳಿಗೂ ನಿಮ್ಮದಕ್ಕೂ ಇರುವ ವ್ಯತ್ಯಾಸವನ್ನು ಸೆಂಟ್ಸಿಗೆ ಇಷ್ಟು ರೂಪಾಯಿ ಎಂದೇ ಕೂಡಿಸಿ, ಕಳೆಯಿರಿ. ದಾರಿ ಮೊದಲು: ಲಾರಿ ಬರುತ್ತದೋ, ಕಾರು ಮಾತ್ರವೋ, ನಡೆದೇ ಹೋಗಬೇಕೋ? ಇನ್ನೊಬ್ಬರ ಜಾಗದಲ್ಲಿ ಹಾದುಬರುವ ದಾರಿಯಾದರೆ ಹಕ್ಕು ದಸ್ತಾವೇಜಿನಲ್ಲಿ ಬರೆದಿದೆಯೋ? ತಲಪಾಡಿಯಿಂದ ಚೆಂಗಳದವರೆಗೆ ಆರು ಪಥವಾದ ಹೆದ್ದಾರಿ 66ರ ಪಕ್ಕದ ಮನೆ ಭೂಪಟದಲ್ಲಿ ರಸ್ತೆಗೆ ಅಂಟಿಕೊಂಡಂತೆ ಕಂಡರೂ, ಆಚೆ ಬದಿಗೆ ಹೋಗಲು ಸರ್ವಿಸ್ ರಸ್ತೆ ಹಿಡಿದು ಅಂಡರ್‌ಪಾಸ್ ಹುಡುಕಬೇಕಾಗಬಹುದು. ಒಮ್ಮೆ ವಾಹನದಲ್ಲಿ ಹೋಗಿಯೇ ನೋಡಿ. ನೀರು ಎರಡನೆಯದು. ಬಾವಿಯನ್ನು ಏಪ್ರಿಲ್–ಮೇಯಲ್ಲಿ ನೋಡಬೇಕು, ಮಳೆಗಾಲದಲ್ಲಿ ಎಲ್ಲ ಬಾವಿಯೂ ತುಂಬಿರುತ್ತದೆ. ಕಡಲ ಬದಿಯಲ್ಲಿ ಉಪ್ಪು ಹತ್ತಿದೆಯೇ ಎಂದು ನೋಡಿ, ಸಿಆರ್‌ಝಡ್, ಅಂದರೆ ಕಡಲತೀರ ನಿಯಂತ್ರಣ ವಲಯದ ಮಿತಿಯನ್ನೂ ವಿಚಾರಿಸಿ. ಪೆರ್ಲದ ಕಡೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಿಲ) ನೀರು ಬರುವ ಮನೆಯಾದರೆ ಸುರಂಗದ ಬಾಯಿ ಯಾರ ಗುಡ್ಡದಲ್ಲಿದೆ ಎಂದು ಕೇಳಲೇಬೇಕು.

ಕಟ್ಟಡದ ಲೆಕ್ಕ ಸುಲಭ. ಉದಾಹರಣೆಗೆ 1,400 ಚದರಡಿಯ, 15 ವರ್ಷ ಹಳೆಯ ತಾರಸಿ ಮನೆ. ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ 2,000 ಎಂದು ಹಿಡಿಯೋಣ. ಒಟ್ಟು 28 ಲಕ್ಷ. ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ. 10 ಎಂದಿಟ್ಟರೆ ಸವಕಳಿ 15/60 × 90, ಅಂದರೆ ಶೇ. 22.5. ಉಳಿಯುವುದು 21.7 ಲಕ್ಷ. 12 ಸೆಂಟ್ಸ್ ಜಾಗಕ್ಕೆ ಹೋಲಿಕೆಯಿಂದ ಸೆಂಟ್ಸಿಗೆ 2.5 ಲಕ್ಷ ಬಂದಿದ್ದರೆ 30 ಲಕ್ಷ. ಒಟ್ಟು 51.7 ಲಕ್ಷ. ಪಂಚಾಯತಿನ ಅನುಮತಿಯಿಲ್ಲದೆ ಹಿಂದಕ್ಕೆ ಎಳೆದು ಕಟ್ಟಿದ ಕೋಣೆಯನ್ನು ಸೇರಿಸಬೇಡಿ, ಬ್ಯಾಂಕಿನವರು ಸೇರಿಸುವುದಿಲ್ಲ. ಹಿತ್ತಿಲಿನ ನಾಲ್ಕು ತೆಂಗಿನಿಂದ ಕಾಯಿ ಸಿಗುತ್ತದೆ, ಬೆಲೆ ಸಿಗುವುದಿಲ್ಲ. ಒಳಗೆ ಮಾಡಿಸಿದ ತೇಗದ ಕೆತ್ತನೆಗೂ ಖರ್ಚಾದಷ್ಟು ಹಿಂದೆ ಬರುವುದಿಲ್ಲ.

ಈಗ ಪೋರ್ಟಲಿನ ಮೊತ್ತವನ್ನು ಪಕ್ಕದಲ್ಲಿಡಿ. ಹತ್ತಿರವಿದ್ದರೆ ಅದು ಕಾಕತಾಳೀಯವೆಂದೇ ತಿಳಿಯಿರಿ. ದೂರವಿದ್ದರೆ ಜಾಗದ ವಿಸ್ತೀರ್ಣ ಅಲ್ಲಿ ಸರಿಯಾಗಿ ಬಿದ್ದಿದೆಯೇ, ಊರು ಮಂಗಳೂರಿನ ಪಟ್ಟಿಗೆ ಸೇರಿದೆಯೇ ಎಂದು ಪರೀಕ್ಷಿಸಿ.

ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ಕೊಳ್ಳುವವರ ಕಡೆಯ ಲೆಕ್ಕವನ್ನೂ ಹಾಕಿ. ರಿಸರ್ವ್ ಬ್ಯಾಂಕಿನ ಮಿತಿಯಂತೆ ಮನೆ ಸಾಲ 30 ಲಕ್ಷದವರೆಗಾದರೆ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲಾದರೆ ಶೇ. 75. ಬ್ಯಾಂಕಿನ ವ್ಯಾಲ್ಯುವರ್ ಅದೇ ಮನೆಗೆ 46 ಲಕ್ಷ ಬರೆದರೆ ಸಾಲ ಹೆಚ್ಚೆಂದರೆ 36.8 ಲಕ್ಷ. ಉಳಿದ 14.9 ಲಕ್ಷ ಕೈಯಿಂದ, ಜೊತೆಗೆ ಮುದ್ರಾಂಕ ಶೇ. 8, ನೋಂದಣಿ ಶೇ. 2 ಸೇರಿ ಮತ್ತೆ 5.17 ಲಕ್ಷ. 20 ಲಕ್ಷ ಹೊಂದಿಸಲಾಗದವರೊಡನೆ 51.7ಕ್ಕೆ ಎಗ್ರಿಮೆಂಟು ಮಾಡಿಕೊಂಡರೆ ಅವಧಿ ಮುಗಿಯುವವರೆಗೆ ಮನೆ ಸುಮ್ಮನೆ ಕಟ್ಟಿಬೀಳುತ್ತದೆ.