ಮೊದಲ್ನೇ ಇನ್ಶೂರೆನ್ಸ್ ರಿನ್ಯೂವಲ್ ಬಂತಾ? ಸುಮ್ನೆ ದುಡ್ಡು ಕಟ್ಬೇಡಿ

ಹೊರದೇಶಕ್ಕೆ ಬಂದ್ಮೇಲೆ ತಗೊಂಡ ಕಾರ್ ಇನ್ಶೂರೆನ್ಸ್ ಮುಗಿಯೋಕೆ ಕೆಲವು ವಾರ ಇರೋವಾಗ ಕಂಪನಿಯಿಂದ ರಿನ್ಯೂವಲ್ ನೋಟಿಸ್ ಬರತ್ತೆ. ಕಾರ್ಡ್ ನಂಬರ್ ಹೇಗೂ ಅವರ ಹತ್ರ ಇರತ್ತೆ, ದುಡ್ಡು ತಾನಾಗೇ ಕಟ್ ಆಗತ್ತೆ, ಮತ್ಯಾಕೆ ತಲೆನೋವು ಅಂತ ತುಂಬಾ ಜನ ಅದನ್ನ ತೆಗ್ದೂ ನೋಡಲ್ಲ. ಬೇರೆ ವರ್ಷ ಏನೇ ಮಾಡಿ, ಮೊದಲ್ನೇ ರಿನ್ಯೂವಲ್ ಮಾತ್ರ ಹಾಗೆ ಬಿಡ್ಬೇಡಿ.

ಯಾಕಂದ್ರೆ ಹೊಸದಾಗಿ ಬಂದಾಗ ನೀವು ಊರಲ್ಲಿ ಎಷ್ಟೇ ವರ್ಷ ಗಾಡಿ ಓಡ್ಸಿರಿ, ಬಹಳಷ್ಟು ಕಂಪನಿಗಳು ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಹೊಸ ಡ್ರೈವರ್ ಅಂತಾನೇ ರೇಟ್ ಹಾಕ್ತಾರೆ. ಈಗ ಒಂದು ವರ್ಷ ಕ್ಲೇಮ್ ಇಲ್ದೆ, ಟ್ರಾಫಿಕ್ ಟಿಕೆಟ್ (ದಂಡ) ಇಲ್ದೆ ಓಡ್ಸಿದ್ರೆ ಅದು ನಿಮ್ಮ ಹೆಸರಲ್ಲಿ ಒಂದು ರೆಕಾರ್ಡ್, ಅದಕ್ಕೆ ಬೆಲೆ ಇದೆ, ಆದ್ರೆ ಹಳೇ ಕಂಪನಿ ತಾನಾಗೇ ಆ ಬೆಲೆ ಕೊಡತ್ತೆ ಅಂತ ಗ್ಯಾರಂಟಿ ಇಲ್ಲ. ಬ್ರಿಟನ್‌ನಲ್ಲಿ ಹಳೇ ಗಿರಾಕಿಗಳಿಗೆ ಹೊಸಬರಿಗಿಂತ ಜಾಸ್ತಿ ರೇಟ್ ಹಾಕೋದು ಎಷ್ಟು ಮಾಮೂಲಾಗಿತ್ತು ಅಂದ್ರೆ, ಕಾರ್ ಮತ್ತು ಮನೆ ಇನ್ಶೂರೆನ್ಸ್‌ಗೆ ಅದನ್ನ 2022ರ ಜನವರಿಯಿಂದ ರೂಲ್ ಮಾಡಿ ನಿಲ್ಲಿಸ್ಬೇಕಾಯ್ತು. ಎಲ್ಲಾ ಕಡೆ ಆ ರಕ್ಷಣೆ ಇಲ್ಲ, ಕೇಳೋರಿಗೆ ಮಾತ್ರ ಕಮ್ಮಿ ಆಗತ್ತೆ. ಊರಿನ ಕಂಪನಿಯಿಂದ ನೋ ಕ್ಲೇಮ್ ಸರ್ಟಿಫಿಕೇಟ್ (ಕ್ಲೇಮ್ ಮಾಡಿಲ್ಲ ಅನ್ನೋ ಪತ್ರ) ತರಿಸ್ಕೊಂಡಿದ್ರೆ ಅದನ್ನೂ ತೋರ್ಸಿ, ಕೆಲವು ಕಂಪನಿ ಒಪ್ಕೋತಾರೆ.

ಮೂರು ವಾರ ಮುಂಚೆನೇ ಶುರು ಮಾಡಿ. ಕಂಪೇರ್ ಮಾಡೋ ಸೈಟ್‌ಗಳಲ್ಲಿ ಎಲ್ಲಾ ಕಂಪನಿಗಳೂ ಇರಲ್ಲ, ಅದಕ್ಕೆ ಒಂದೆರಡು ಕಂಪನಿಗೆ ನೇರವಾಗಿ ಕೇಳಿ, ಜೊತೆಗೆ ಒಬ್ಬ ಬ್ರೋಕರ್ ಹತ್ರಾನೂ ಕೇಳಿ. ಒಂದೇ ಕಂಪನಿಯ ಏಜೆಂಟ್ ಆ ಕಂಪನಿದಷ್ಟೇ ಹೇಳ್ತಾರೆ, ಬ್ರೋಕರ್ ನಾಲ್ಕಾರು ಕಂಪನಿದು ನೋಡ್ತಾರೆ. ಫಾರಂನಲ್ಲಿ ಫೋನ್ ನಂಬರ್ ಕೊಟ್ರೆ ದಿನಗಟ್ಲೆ ಕಾಲ್ ಬರ್ಬಹುದು, ಇದಕ್ಕೆ ಅಂತಾನೇ ಒಂದು ಬೇರೆ ಈಮೇಲ್ ಇಟ್ಕೊಳ್ಳಿ.

ಎಲ್ಲರೂ ಎಡವೋದು ಕೋಟ್, ಅಂದ್ರೆ ಕಂಪನಿಗಳು ಹೇಳೋ ರೇಟ್, ಹೋಲಿಸೋವಾಗ. ಎರಡು ಕೋಟ್ ಪಕ್ಕಪಕ್ಕ ಇಟ್ಟು ಕೊನೇ ಮೊತ್ತ ಮಾತ್ರ ನೋಡಿದ್ರೆ ಮೋಸ ಹೋಗ್ತೀರ. ಕಮ್ಮಿ ಇರೋದನ್ನ ಸಾಲು ಸಾಲಾಗಿ ಓದಿ ನೋಡಿ: ಡಿಡಕ್ಟಿಬಲ್ ಒಂದ್ರಲ್ಲಿ 500 ಇದ್ರೆ ಇನ್ನೊಂದ್ರಲ್ಲಿ 1000 ಇರತ್ತೆ, ಅಂದ್ರೆ ಪ್ರತಿ ಸಲ ನಿಮ್ಮ ಗಾಡಿ ರಿಪೇರಿಗೆ ಕ್ಲೇಮ್ ಮಾಡ್ದಾಗ ಅಷ್ಟು ದುಡ್ಡು ನಿಮ್ಮ ಕೈಯಿಂದ ಹೋಗತ್ತೆ. ಲಯಬಿಲಿಟಿ, ಅಂದ್ರೆ ನಿಮ್ಮಿಂದ ಬೇರೆಯವ್ರಿಗೆ ಆದ ನಷ್ಟಕ್ಕೆ ಕಂಪನಿ ಕೊಡೋ ಮೊತ್ತ, ಅರ್ಧಕ್ಕೆ ಇಳಿಸಿರ್ತಾರೆ, ರಿಪೇರಿ ಟೈಮಲ್ಲಿ ಬಾಡಿಗೆ ಕಾರ್ ಕೊಡೋದು ತೆಗ್ದುಬಿಟ್ಟಿರ್ತಾರೆ. ಅದಕ್ಕೆ ಈಗಿರೋ ಪಾಲಿಸಿಯ ಮೊದಲ್ನೇ ಪುಟ ಎದುರಿಗಿಟ್ಕೊಂಡು, ಇದೇ ನಂಬರ್‌ಗಳಿಗೆ ಕೋಟ್ ಕೊಡಿ ಅಂತ ಎಲ್ಲರಿಗೂ ಹೇಳಿ. ಡಿಡಕ್ಟಿಬಲ್ ಏರಿಸಿದ್ರೆ ಪ್ರೀಮಿಯಂ ಇಳಿಯತ್ತೆ ನಿಜ, ಆದ್ರೆ ನಾಳೆನೇ ಕಟ್ಬೇಕು ಅಂದ್ರೆ ಬ್ಯಾಂಕಲ್ಲಿ ಇರೋವಷ್ಟಕ್ಕೆ ಮಾತ್ರ ಏರ್ಸಿ. ಲಯಬಿಲಿಟಿ ಮಾತ್ರ ಇಳಿಸ್ಬೇಡಿ ಅಂತ ನಾವು ಒತ್ತಿ ಹೇಳ್ತೀವಿ, ಬೇರೆಯವ್ರಿಗೆ ಪೆಟ್ಟಾದ್ರೆ ಆ ಮೊತ್ತ ಮೀರಿದ್ದಕ್ಕೆಲ್ಲ ನೀವೇ ಹೊಣೆ.

ಮನೆ ಇನ್ಶೂರೆನ್ಸ್ ಕೂಡ ಇದ್ರೆ, ಅದ್ರಲ್ಲಿ ಚಿನ್ನದ ಬಗ್ಗೆ ಬರೆದಿರೋ ಸಾಲು ಹುಡುಕಿ ಓದಿ. ಒಡವೆಗೆ ಸಾಮಾನ್ಯವಾಗಿ ಒಂದು ಸಣ್ಣ ಮಿತಿ ಇರತ್ತೆ, ನಮ್ಮನೆಗಳಲ್ಲಿರೋ ಸರ ಬಳೆಗೆ ಅದು ಸಾಕಾಗಲ್ಲ, ಬೇರೆಯಾಗಿ ಸೇರ್ಸಬೇಕು, ಬಿಲ್ಲು ಫೋಟೋ ಇಟ್ಟಿರ್ಬೇಕು.

ಸುಳ್ಳು ಮಾತ್ರ ಬೇಡ. ಮನೇಲಿ ಇನ್ನೊಬ್ರು ಗಾಡಿ ಓಡಿಸ್ತಾರೆ ಅಂದ್ರೆ ಹೇಳಿ, ವರ್ಷಕ್ಕೆ ಎಷ್ಟು ಓಡತ್ತೆ, ರಾತ್ರಿ ಎಲ್ಲಿ ನಿಲ್ಸ್ತೀರ ಅನ್ನೋದೂ ಸರಿಯಾಗಿ ಹೇಳಿ. ಪ್ರೀಮಿಯಂ ಉಳ್ಸೋಕೆ ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ತಿರಸ್ಕಾರ ಮಾಡ್ಬಹುದು.

ಒಳ್ಳೇ ಕೋಟ್ ಸಿಕ್ಕಿದ್ಮೇಲೆ ಹಳೇ ಕಂಪನಿಗೆ ಫೋನ್ ಮಾಡಿ, ಇಷ್ಟಕ್ಕೆ ಕೊಡ್ತಿದಾರೆ, ನೀವೇನು ಮಾಡ್ತೀರ ಅಂತ ಕೇಳಿ, ಸಂಕೋಚ ಬೇಡ, ದಿನಾ ಕೇಳೋ ಪ್ರಶ್ನೆನೇ ಅದು. ಆದ್ರೂ ಬದಲಾಯಿಸೋದಾದ್ರೆ ಹೊಸ ಪಾಲಿಸಿ ಕೈಗೆ ಬರೋವರ್ಗೂ ಹಳೇದನ್ನ ಕ್ಯಾನ್ಸಲ್ ಮಾಡ್ಬೇಡಿ, ಮಧ್ಯೆ ಒಂದು ದಿನವೂ ಖಾಲಿ ಇರ್ಬಾರ್ದು. ಕ್ಯಾನ್ಸಲ್ ಆಗಿದ್ದು ಬರವಣಿಗೆಯಲ್ಲಿ ತಗೊಳ್ಳಿ, ಆಟೋ ಪೇಮೆಂಟ್ ನಿಲ್ಸಿ, ಕಾರ್ ಅಥವಾ ಮನೆ ಮೇಲೆ ಸಾಲ ಇದ್ರೆ ಬ್ಯಾಂಕ್‌ಗೆ ಹೊಸ ಪಾಲಿಸಿ ಕಳ್ಸಿ.