ಮುಕ್ತ ತಂತ್ರಾಂಶಕ್ಕೆ ಕೋಡ್ ಕೊಡುವ ಮೊದಲು ಹಕ್ಕುಸ್ವಾಮ್ಯವನ್ನು ಪರಿಶೀಲಿಸುವ ಕ್ರಮ

ಕೋಡ್ ಸಲ್ಲಿಸುವ ಮೊದಲು ಅದರ ಹಕ್ಕುಸ್ವಾಮ್ಯ ನಿಜಕ್ಕೂ ನಿಮ್ಮದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಉದ್ಯೋಗದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಉದ್ಯೋಗದಾತರ ಸ್ವತ್ತಾಗುವುದರಿಂದ ಅವರ ಲಿಖಿತ ಒಪ್ಪಿಗೆಯನ್ನು ಪಡೆಯಬೇಕು.

ಬಳಿಕ ನಿಮ್ಮ ಕೋಡನ್ನು ಪಡೆಯುವ ತಂತ್ರಾಂಶ ಯೋಜನೆ ಏನು ಕೇಳುತ್ತಿದೆ ಎಂಬುದನ್ನು ಓದಿ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ, ಸಲ್ಲಿಸುವ ಅಧಿಕಾರ ತನಗಿದೆ ಎಂದು ದೃಢೀಕರಿಸುವ ‘ಸೈನ್ಡ್-ಆಫ್-ಬೈ’ ಸಾಲು ಸಾಕು. 2004ರಲ್ಲಿ ಬಂದ ಈ ಪದ್ಧತಿಯಲ್ಲಿ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಹಲವು ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಪ್ರತಿಷ್ಠಾನದ ಒಪ್ಪಂದವೂ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ, ಪೇಟೆಂಟ್ ಸಹಿತ ವಿಶಾಲ ಪರವಾನಗಿಯನ್ನಷ್ಟೇ ಪಡೆಯುತ್ತದೆ. ಪಠ್ಯ ಸಂಪಾದಕ ತಂತ್ರಾಂಶವಾದ ಗ್ನೂ ಈಮ್ಯಾಕ್ಸ್‌ಗೆ ಗಣನೀಯ ಬದಲಾವಣೆ ಕೊಡುವವರು ಮಾತ್ರ ಹಕ್ಕನ್ನೇ ಲಾಭರಹಿತ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ವರ್ಗಾಯಿಸಬೇಕು. ಪ್ರತಿಯಾಗಿ ತಮ್ಮ ಕೋಡನ್ನು ತಾವು ಬಳಸುವ ಪರವಾನಗಿ ಅವರಿಗೆ ಮರಳಿ ದೊರೆಯುತ್ತದೆ.

ಲಾಭಕ್ಕಾಗಿ ನಡೆಯುವ ಕಂಪನಿಯೊಂದು ಇಂಥದೇ ವರ್ಗಾವಣೆಯನ್ನು ಕೇಳಿದರೆ, ಕೋಡನ್ನು ಮುಂದೆಯೂ ಮುಕ್ತವಾಗಿಡುವ ಬದ್ಧತೆ ಒಪ್ಪಂದ ಪತ್ರದಲ್ಲಿದೆಯೇ ಎಂದು ನೋಡದೆ ಸಹಿ ಹಾಕಬೇಡಿ, ಏಕೆಂದರೆ ಸಂಪೂರ್ಣ ಹಕ್ಕುಳ್ಳವರು ಮುಂದಿನ ಆವೃತ್ತಿಗಳನ್ನು ಮುಚ್ಚಿದ ಪರವಾನಗಿಯಡಿ ಹೊರತರಬಲ್ಲರು. ಈಗಾಗಲೇ ಮುಕ್ತವಾಗಿ ಹಂಚಿದ ಪ್ರತಿಗಳಿಗೆ ಇದರಿಂದ ಸಾಮಾನ್ಯವಾಗಿ ಬಾಧೆಯಿಲ್ಲ ಎಂಬುದು ಸಮಾಧಾನದ ಸಂಗತಿ.

ಯೋಜನೆಯನ್ನು ನಡೆಸುವವರು ನೀವೇ ಆಗಿದ್ದರೆ ಪರವಾನಗಿಯನ್ನು ಮೊದಲ ದಿನವೇ ನಿರ್ಧರಿಸಿ, ಪ್ರತಿ ಕಡತದ ತಲೆಯಲ್ಲಿ ನಮೂದಿಸಿ. ಹಕ್ಕು ಅನೇಕರಲ್ಲಿ ಹಂಚಿಹೋದ ಮೇಲೆ ಪರವಾನಗಿ ಬದಲಿಸಲು ಅವರೆಲ್ಲರ ಒಪ್ಪಿಗೆ ಬೇಕಾಗಬಹುದು.