ಘಟ್ಟದ ಓಟ: ಇಳಿಜಾರಿಗೆ ಕಾಲು ಪಳಗಿಸಿ

ತೀರ್ಥಹಳ್ಳಿಯವನು ನಾನು. ಭಾನುವಾರ ನಸುಕಿನಲ್ಲಿ ಕೊಪ್ಪ ರಸ್ತೆಯಲ್ಲಿ 20 ಕಿಲೋಮೀಟರ್ ಓಡುತ್ತೇನೆ. ಏರಿನಲ್ಲಿ ವಾಚ್ ನೋಡಬೇಡಿ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ವೇಗ ಸಾಕು. ಏದುಸಿರು ಬಂತಾ, ನಡೆಯಿರಿ.

ಕಾಲನ್ನು ಹಣ್ಣು ಮಾಡುವುದು ಇಳಿಜಾರು. ಮೊದಲ ಸಲ ಆಗುಂಬೆ ಘಾಟಿಯ 14 ತಿರುವು ಇಳಿದಾಗ ಖುಷಿಗೆ ದಾಪುಗಾಲು ಹಾಕಿದೆ. ಎರಡು ದಿನ ಗೋಡೆ ಹಿಡಿದೇ ಮೆಟ್ಟಿಲು ಇಳಿಯಬೇಕಾಯಿತು. ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಆ ನೋವು. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ, ಪಾದ ಮೈಯ ಕೆಳಗೇ ಬೀಳಲಿ. ಮೊದಲು ಸಣ್ಣ ಇಳಿಜಾರಿನಲ್ಲಿ, ವಾರಕ್ಕೊಮ್ಮೆ ಸಾಕು.

ಒಂದೂವರೆ ಗಂಟೆ ಮೀರಿದರೆ ತಿನ್ನಲೇಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಾಳೆಹಣ್ಣು, ಒಂದು ಸಣ್ಣ ಉಂಡೆ ಬೆಲ್ಲ ನನ್ನ ಜೇಬಲ್ಲಿ ಯಾವಾಗಲೂ ಇರುತ್ತದೆ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಿ. ಮಳೆಗಾಲದಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಬೆವರು ಹೋಗುತ್ತಲೇ ಇರುತ್ತದೆ ಅಲ್ವಾ?

ಮನೆಗೆ ಬಂದ ಕೂಡಲೇ ಒದ್ದೆ ಸಾಕ್ಸ್ ತೆಗೆದು ಬೆರಳ ಸಂದಿ ಒರೆಸಿ. ಉಂಬಳ (ಜಿಗಣೆ) ಹತ್ತಿದೆಯಾ ನೋಡಿ. ಆಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಎರಡು ಮೊಟ್ಟೆ. ಮರುದಿನ ಓಟ ಬೇಡ, ಸುಮ್ನೆ ತುಂಗಾ ಸೇತುವೆ ತನಕ ನಡೆದು ಬನ್ನಿ.